ಹಂಪಿಯಲ್ಲಿ ಕಡಿಮೆ ಖರ್ಚಿನ ರೂಮ್ ಆರಿಸುವುದು ಹೇಗೆ: ಮೊದಲು ಹೊಳೆಯ ದಡ, ಆಮೇಲೆ ಲಾಡ್ಜ್

‘ಹಂಪಿಯ ಹತ್ತಿರ’ ಅಂತ ಆ್ಯಪ್‌ನಲ್ಲಿ ನೋಡಿ ರೂಮ್ ಬುಕ್ ಮಾಡುತ್ತಾರೆ. ಬಂದು ನೋಡಿದರೆ ರೂಮ್ ತುಂಗಭದ್ರೆಯ ಆಚೆ ದಡದಲ್ಲಿ. ವಿರೂಪಾಕ್ಷ ಗುಡಿಯ ಗೋಪುರ ಕಣ್ಣಿಗೆ ಕಾಣುತ್ತದೆ, ಆದರೆ ಸಂಜೆಯಾದ ಮೇಲೆ ದೋಣಿ ಇಲ್ಲ. ಇನ್ನು ಕೆಲವರು ಹೊಸಪೇಟೆ ಬಸ್ ಸ್ಟ್ಯಾಂಡ್ ಪಕ್ಕ ರೂಮ್ ಹಿಡಿಯುತ್ತಾರೆ. ಅವರಿಗೆ ಸೂರ್ಯೋದಯಕ್ಕೆ ಮಾತಂಗ ಬೆಟ್ಟ ಹತ್ತುವ ಆಸೆ ಇರುತ್ತದೆ, ಅಷ್ಟು ಹೊತ್ತಿಗೆ ಬಸ್ ಇರುವುದಿಲ್ಲ. ಹಾಸಿಗೆ, ಬಚ್ಚಲು, ಫ್ಯಾನು ಎಲ್ಲ ಸರಿ ಇದ್ದರೂ ಪ್ರವಾಸ ಕೆಡುತ್ತದೆ.

ಈ ತಪ್ಪು ಮತ್ತೆ ಮತ್ತೆ ಆಗುತ್ತಿರುವುದಕ್ಕೆ ಕಾರಣ ಒಂದೇ. ಎಲ್ಲರೂ ಬೆಲೆಯಿಂದ ಶುರು ಮಾಡುತ್ತಾರೆ. ಹಂಪಿಯಲ್ಲಿ ದಡದಿಂದ ಶುರು ಮಾಡಬೇಕು. ಲಾಡ್ಜ್‌ಗಳ ಹೆಸರಿನ ಪಟ್ಟಿ ಇಲ್ಲಿ ಕೊಟ್ಟಿಲ್ಲ, ಅಂಥ ಪಟ್ಟಿ ಬೇಗ ಹಳತಾಗುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಾಲ್ಕನೇ ಹಂತಕ್ಕೆ ಬರುವ ತನಕ ಬುಕಿಂಗ್ ಆ್ಯಪ್ ತೆರೆಯಲೇಬೇಡಿ.

ಶುರು ಮಾಡುವ ಮೊದಲು ಬೇಕಾದದ್ದು

ಉಪಗ್ರಹ ಚಿತ್ರ ತೋರಿಸುವ ಮ್ಯಾಪ್ ಇರುವ ಫೋನ್, ನಿಮ್ಮ ರೈಲು ಅಥವಾ ಬಸ್ಸಿನ ಸಮಯ, ಒಂದು ಹಾಳೆ, ಪೆನ್ನು. ಇಷ್ಟು ಹುಡುಕಾಟಕ್ಕೆ.

ಹೊರಡುವಾಗ ಎಲ್ಲರ ಗುರುತಿನ ಚೀಟಿ ಇಟ್ಟುಕೊಳ್ಳಿ. ಆಧಾರ್ ಕೊಡುವುದಾದರೆ ಮೊದಲ 8 ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಪ್ರಿಂಟ್ ಮಾಡಿಕೊಳ್ಳಿ. ಚಿಕ್ಕ ಟಾರ್ಚ್, ಪವರ್ ಬ್ಯಾಂಕ್, ಸೊಳ್ಳೆಗೆ ಹಚ್ಚುವ ಕ್ರೀಮ್ ಇರಲಿ. ಒಂದು ಒಳ್ಳೆಯ ಬೀಗವೂ ಇರಲಿ. ಚಿಕ್ಕ ಗೆಸ್ಟ್ ಹೌಸ್‌ಗಳಲ್ಲಿ ಬಾಗಿಲಿಗೆ ಚಿಲಕ, ಬೀಗ ಅಷ್ಟೇ ಇರುವುದುಂಟು. ಆಗ ನಿಮ್ಮದೇ ಬೀಗ ಇದ್ದರೆ ನೆಮ್ಮದಿ.

ಹಂತ 1: ಮೂರು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ

ಒಂದು, ಯಾವ ಊರಲ್ಲಿ ಇಳಿಯುತ್ತೀರಿ, ಎಷ್ಟು ಹೊತ್ತಿಗೆ? ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಂದರೆ ಹೊಸಪೇಟೆಯಲ್ಲಿ ಇಳಿಯುವುದು ಬೆಳಗ್ಗೆ. ರೂಮ್ ಕೊಡುವುದು ಮಧ್ಯಾಹ್ನ 12ಕ್ಕೆ ಅಂದರೆ ಅಲ್ಲಿಯವರೆಗೆ ಬ್ಯಾಗು, ಮಕ್ಕಳು, ಸ್ನಾನ ಎಲ್ಲವನ್ನೂ ಏನು ಮಾಡುತ್ತೀರಿ? ಇದನ್ನು ಈಗಲೇ ಯೋಚಿಸಬೇಕು.

ಎರಡು, ನಿಮ್ಮ ಪಟ್ಟಿಯಲ್ಲಿ ಮೊದಲ ಜಾಗ ಯಾವುದು? ವಿರೂಪಾಕ್ಷ, ಹೇಮಕೂಟ, ಮಾತಂಗ ಒಂದು ಗುಂಪು. ಕಮಲ ಮಹಲ್, ಆನೆ ಲಾಯ, ಹಜಾರ ರಾಮ, ಮಹಾನವಮಿ ದಿಬ್ಬ ಇನ್ನೊಂದು ಗುಂಪು, ಅದು ಕಮಲಾಪುರದ ಕಡೆಗೆ ಬರುತ್ತದೆ. ಅಂಜನಾದ್ರಿ, ಪಂಪಾ ಸರೋವರ, ಆನೆಗೊಂದಿ ಇರುವುದು ಹೊಳೆಯ ಆಚೆ. ಕಲ್ಲಿನ ರಥ ಇರುವ ವಿಠ್ಠಲ ದೇವಸ್ಥಾನ ಈಚೆ ದಡದಲ್ಲೇ ಇದೆ. ಆದರೆ ಹಂಪಿ ಬಜಾರಿನಿಂದ ಹೊಳೆ ಪಕ್ಕದ ದಾರಿಯಲ್ಲಿ ನಡೆದು ಹೋಗುವುದು ಬೇರೆ, ವಾಹನದಲ್ಲಿ ಕಮಲಾಪುರ ಸುತ್ತಿ ಹೋಗುವುದು ಬೇರೆ. ನಡೆದರೆ ಸುಮಾರು 2 ಕಿ.ಮೀ., ರಸ್ತೆಯಲ್ಲಿ ಅದರ ಹಲವು ಪಟ್ಟು.

ಮೂರು, ಜೊತೆಗೆ ಯಾರಿದ್ದಾರೆ? ಮೊಣಕಾಲು ನೋವಿನ ಅಮ್ಮ, ಎರಡು ವರ್ಷದ ಮಗು, ಒಬ್ಬರೇ ಹೊರಟ ಹೆಣ್ಣುಮಗಳು, ನಾಲ್ಕು ಜನ ಕಾಲೇಜು ಹುಡುಗರು. ಇವರೆಲ್ಲರಿಗೂ ಒಂದೇ ರೂಮ್ ಸರಿಹೋಗಲ್ಲ ಅಲ್ವಾ?

ಹಂತ 2: ದಡ ಮತ್ತು ಊರು ಗಟ್ಟಿ ಮಾಡಿಕೊಳ್ಳಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಇಲ್ಲಿ ಅರ್ಧ ಗಂಟೆ ಕೂತರೂ ನಷ್ಟ ಇಲ್ಲ.

ಹೊಸಪೇಟೆ. ಹಂಪಿಯಿಂದ ಸುಮಾರು 13 ಕಿ.ಮೀ. ರೈಲು, ಬಸ್ಸು, ಆಸ್ಪತ್ರೆ, ಎಲ್ಲ ಥರದ ಊಟ ಇಲ್ಲಿ ಸಿಗುತ್ತದೆ. ಹಂಪಿ ಊರೊಳಗೆ ಮಾಂಸದ ಊಟ, ಮದ್ಯ ಸಾಮಾನ್ಯವಾಗಿ ಸಿಗುವುದಿಲ್ಲ, ಅದು ಬೇಕಾದವರಿಗೆ ಹೊಸಪೇಟೆಯೇ ಸರಿ. ಇಲ್ಲಿನ ದೊಡ್ಡ ಅನುಕೂಲ ಅಂದರೆ 24 ಗಂಟೆ ಲೆಕ್ಕದ ಲಾಡ್ಜ್‌ಗಳು. ಬೆಳಗ್ಗೆ 7ಕ್ಕೆ ರೂಮ್ ತೆಗೆದುಕೊಂಡರೆ ಮಾರನೇ ದಿನ 7ರವರೆಗೆ ಒಂದೇ ದಿನದ ಬಾಡಿಗೆ. ರಾತ್ರಿ ರೈಲಿನಲ್ಲಿ ಬಂದು ಮರುದಿನ ವಾಪಸಾಗುವವರಿಗೆ ಇದರಷ್ಟು ಉಳಿತಾಯ ಬೇರೆ ಇಲ್ಲ. ಹಂಪಿಗೆ ಸರ್ಕಾರಿ ಬಸ್ಸುಗಳು ದಿನವಿಡೀ ಓಡುತ್ತವೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಗುರುತಿನ ಚೀಟಿ ತೋರಿಸಿದರೆ ಸಾಕು. ತೊಂದರೆ ಇರುವುದು ಹೊತ್ತಿನದ್ದು. ಸೂರ್ಯೋದಯ ನೋಡಲು ಬಸ್ ಸಿಗಲ್ಲ. ಸಂಜೆ ಹೇಮಕೂಟದಲ್ಲಿ ಕೂತಾಗಲೂ ಕೊನೆಯ ಬಸ್ಸಿನದೇ ಚಿಂತೆ.

ಕಮಲಾಪುರ ಮತ್ತು ಕಡ್ಡಿರಾಂಪುರ. ಎರಡೂ ಹಂಪಿಗೆ ಹತ್ತಿರದ ಊರುಗಳು. ಕಮಲಾಪುರ 4 ಕಿ.ಮೀ. ದೂರದಲ್ಲಿದೆ. ಸ್ವಂತ ಕಾರು ಇರುವ ಕುಟುಂಬಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಕಾರು ನಿಲ್ಲಿಸಲು ಜಾಗ ಇರುತ್ತದೆ, ರಸ್ತೆ ಅಗಲ. ಮಧ್ಯಾಹ್ನ ಬಿಸಿಲಿಗೆ ವಯಸ್ಸಾದವರನ್ನು ಹತ್ತು ನಿಮಿಷದಲ್ಲಿ ರೂಮಿಗೆ ಕರೆತರಬಹುದು. ಕೆಎಸ್‌ಟಿಡಿಸಿ, ಅಂದರೆ ರಾಜ್ಯ ಪ್ರವಾಸೋದ್ಯಮ ನಿಗಮದ ಹೋಟೆಲ್ ಮಯೂರ ಭುವನೇಶ್ವರಿ ಇರುವುದೂ ಕಮಲಾಪುರದಲ್ಲೇ. ಸರ್ಕಾರಿ ಹೋಟೆಲ್ ಆದ್ದರಿಂದ ಅಲ್ಲಿನ ದರವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಖಾಸಗಿ ಲಾಡ್ಜ್ ಅದಕ್ಕಿಂತ ಜಾಸ್ತಿ ಕೇಳಿದರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಹಂಪಿ ಊರು, ಅಂದರೆ ಜನತಾ ಪ್ಲಾಟ್. ಬಸ್ ನಿಲ್ಲುವ ಜಾಗದಿಂದ ನಡೆದೇ ಹೋಗಬಹುದು. ಮನೆಗಳನ್ನೇ ಸ್ವಲ್ಪ ಹಿಗ್ಗಿಸಿ ಮಾಡಿದ ಗೆಸ್ಟ್ ಹೌಸ್‌ಗಳು. ರೂಮ್ ಚಿಕ್ಕದು, ಓಣಿ ಇಕ್ಕಟ್ಟು, ಕಾರು ಒಳಗೆ ಬರಲ್ಲ. ಆದರೆ ವಿರೂಪಾಕ್ಷ ಗುಡಿಗೆ ಕೆಲವೇ ನಿಮಿಷದ ನಡಿಗೆ. ಬೆಳಗಿನ ಜಾವ ಎದ್ದು ಬೆಟ್ಟ ಹತ್ತುವವರು, ಕ್ಯಾಮೆರಾ ಹಿಡಿದು ಬರುವವರು, ಒಬ್ಬರೇ ಬರುವವರು ಇಲ್ಲೇ ಇಳಿದುಕೊಳ್ಳುವುದು ಒಳ್ಳೆಯದು. ಮನೆಯವರು ಕೆಳಗಡೆಯೇ ವಾಸ ಇರುವ ಗೆಸ್ಟ್ ಹೌಸ್ ಸಿಕ್ಕರೆ ಇನ್ನೂ ಒಳ್ಳೆಯದು.

ಆನೆಗೊಂದಿ ಮತ್ತು ಸಣಾಪುರ. ಇವು ಹೊಳೆಯ ಉತ್ತರ ದಡದಲ್ಲಿವೆ. ಜಿಲ್ಲೆಯೂ ಬೇರೆ: ಹಂಪಿ ವಿಜಯನಗರ ಜಿಲ್ಲೆಗೆ ಸೇರಿದರೆ ಇವು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿವೆ. ಭತ್ತದ ಗದ್ದೆ, ಬಂಡೆ ಬೆಟ್ಟ, ಅಂಜನಾದ್ರಿ ಬೇಕಾದವರಿಗೆ ಇದು ಸರಿಯಾದ ಜಾಗ. ಗುಡಿ, ಕೋಟೆ ನೋಡಲು ಬಂದವರಿಗೆ ಸರಿಯಲ್ಲ. ದೋಣಿ ಹಗಲು ಹೊತ್ತು ಮಾತ್ರ ಓಡುತ್ತದೆ. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟು ತುಂಬಿ ಗೇಟ್ ತೆರೆದರೆ ಹಗಲೂ ನಿಂತುಹೋಗುತ್ತದೆ. ಆಮೇಲೆ ಉಳಿಯುವುದು ಬುಕ್ಕಸಾಗರ, ಕಡೇಬಾಗಿಲು ಸೇತುವೆ ಸುತ್ತಿ ಬರುವ ದಾರಿ. ಆಟೊದವರು ಅದಕ್ಕೆ ಕೇಳುವ ಬಾಡಿಗೆಯಲ್ಲಿ ರೂಮಿನ ಉಳಿತಾಯ ಪೂರ್ತಿ ಹೋಗುತ್ತದೆ. ಸ್ವಂತ ವಾಹನ ಇಲ್ಲದೆ ಎರಡು ದಡ ಓಡಾಡುತ್ತೇನೆ ಅನ್ನುವವರು ಒಂದೊಂದು ರಾತ್ರಿ ಒಂದೊಂದು ದಡದಲ್ಲಿ ಇಳಿದುಕೊಳ್ಳಿ. ಅದೇ ಅಗ್ಗ.

ಎಚ್ಚರಿಕೆ: ವಿಳಾಸದಲ್ಲಿ ‘ವಿರೂಪಾಪುರ ಗಡ್ಡಿ’ ಅಥವಾ ‘ಹಿಪ್ಪಿ ಐಲ್ಯಾಂಡ್’ ಅಂತ ಕಂಡರೆ ಅಲ್ಲೇ ನಿಲ್ಲಿ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಅಲ್ಲಿದ್ದ ರೆಸಾರ್ಟ್‌ಗಳನ್ನು ತೆರವು ಮಾಡಿದ್ದಾರೆ. ಹಳೆಯ ಫೋಟೊ, ಹಳೆಯ ಹೊಗಳಿಕೆ ಮಾತ್ರ ಇನ್ನೂ ಇಂಟರ್‌ನೆಟ್‌ನಲ್ಲಿ ಓಡಾಡುತ್ತಿವೆ.

ಹಂತ 3: ದಿನಾಂಕ ತಾಳೆ ನೋಡಿ

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಜನ ಜಾಸ್ತಿ, ಬೆಲೆಯೂ ಜಾಸ್ತಿ. ದಸರಾ ರಜೆ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಶನಿವಾರ ಭಾನುವಾರದ ಜೊತೆ ಇನ್ನೊಂದು ರಜೆ ಸೇರಿದ ದಿನಗಳಲ್ಲಿ ಕಡಿಮೆ ಬೆಲೆಯ ರೂಮ್ ಹುಡುಕುವುದೇ ಕಷ್ಟ. ಹಂಪಿ ಉತ್ಸವದ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅದನ್ನು ತಪ್ಪದೇ ನೋಡಿಕೊಳ್ಳಿ. ಡಿಸೆಂಬರ್‌ನಲ್ಲಿ ಹನುಮಮಾಲೆ ವಿಸರ್ಜನೆಗೆ ಸಾವಿರಾರು ಭಕ್ತರು ಅಂಜನಾದ್ರಿಗೆ ಬರುತ್ತಾರೆ, ಆಗ ಆನೆಗೊಂದಿ ಕಡೆ ರೂಮೂ ಇಲ್ಲ, ರಸ್ತೆಯೂ ಇಲ್ಲ.

ದಿನ ಬದಲಿಸಲು ಆಗುತ್ತಾ? ಆಗುವುದಾದರೆ ಸೋಮವಾರದಿಂದ ಗುರುವಾರದೊಳಗೆ ಬನ್ನಿ. ರೂಮಿನ ಬೆಲೆ ಇಳಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಏಪ್ರಿಲ್, ಮೇನಲ್ಲಿ ರೂಮ್ ಅಗ್ಗ ಅಂತ ಹೋಗುವವರು ಒಂದು ಮಾತು ಕೇಳಿ. ಹಂಪಿಯ ಬಂಡೆಗಳು ಹಗಲೆಲ್ಲ ಕಾಯ್ದು ರಾತ್ರಿ ಆ ಶಾಖ ಬಿಡುತ್ತವೆ. ಮೇಲ್ಮಹಡಿಯ ಆರ್‌ಸಿಸಿ ಸೂರಿನ ಕೆಳಗಿನ ರೂಮ್‌ನಲ್ಲಿ ಬರೀ ಫ್ಯಾನಿದ್ದರೆ ನಿದ್ದೆ ಬರಲ್ಲ. ಆ ತಿಂಗಳುಗಳಲ್ಲಿ ಎಸಿ ಅಥವಾ ನೆಲಮಹಡಿ, ಎರಡರಲ್ಲಿ ಒಂದು ಇರಲೇಬೇಕು.

ಹಂತ 4: ಈಗ ಆ್ಯಪ್ ತೆರೆಯಿರಿ, ಮ್ಯಾಪ್ ಪಕ್ಕದಲ್ಲೇ ಇರಲಿ

ಆ್ಯಪ್ ಹೇಳುವ ‘2 ಕಿ.ಮೀ. ದೂರ’ ಅನ್ನುವುದು ಹಕ್ಕಿ ಹಾರುವ ದೂರ. ಹೊಳೆ, ಬೆಟ್ಟ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಪ್ರತಿ ರೂಮಿಗೂ ಮ್ಯಾಪ್‌ನಲ್ಲಿ ಎರಡು ದಾರಿ ಹಾಕಿ ನೋಡಿ: ರೂಮಿನಿಂದ ವಿರೂಪಾಕ್ಷ ದೇವಸ್ಥಾನಕ್ಕೆ ನಡಿಗೆ, ರೂಮಿನಿಂದ ಹೊಸಪೇಟೆ ರೈಲು ನಿಲ್ದಾಣಕ್ಕೆ ಕಾರು. ನಡಿಗೆಯ ಗೆರೆ ನೀರಿನ ಮೇಲೆ ಹಾದುಹೋದರೆ ಅಲ್ಲಿ ದೋಣಿ ಅಂತ ಅರ್ಥ. ಆ ರೂಮನ್ನು ಪಟ್ಟಿಯಿಂದ ತೆಗೆದುಬಿಡಿ, ನೀವು ಬೇಕಂತಲೇ ಉತ್ತರ ದಡ ಆರಿಸಿಲ್ಲದಿದ್ದರೆ.

ಆಮೇಲೆ ಉಪಗ್ರಹ ಚಿತ್ರ ಹಾಕಿ ಸುತ್ತಮುತ್ತ ನೋಡಿ. ಪಕ್ಕ ಮನೆಗಳಿವೆಯಾ, ಬರೀ ಗದ್ದೆಯಾ, ರಸ್ತೆ ಬಾಗಿಲವರೆಗೂ ಬರುತ್ತದಾ? 2025ರ ಮಾರ್ಚ್‌ನಲ್ಲಿ ಸಣಾಪುರದ ಕಾಲುವೆ ಹತ್ತಿರ ರಾತ್ರಿ ಪ್ರವಾಸಿಗರ ಮೇಲೆ ಘೋರ ದಾಳಿ ನಡೆಯಿತು, ಒಬ್ಬರು ಜೀವ ಕಳೆದುಕೊಂಡರು. ಉತ್ತರ ದಡಕ್ಕೆ ಹೋಗಲೇಬಾರದು ಅಂತ ನಾನು ಹೇಳುತ್ತಿಲ್ಲ. ಊರ ನಡುವೆ ಇರುವ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆದ ಹೋಮ್‌ಸ್ಟೇ ಆರಿಸಿ. ಕತ್ತಲಾದ ಮೇಲೆ ಕಾಲುವೆ, ಬಂಡೆ, ಕೆರೆ ಕಡೆ ಹೋಗಬೇಡಿ. ಹೋಮ್‌ಸ್ಟೇಯವರೇ ಕರೆದರೂ ಬೇಡ.

ವಿಮರ್ಶೆ ಓದುವ ರೀತಿಯೂ ಇದೆ. ಸರಾಸರಿ ಅಂಕ ನೋಡಿ ಮರುಳಾಗಬೇಡಿ. ಹೊಸದು ಮೊದಲು ಬರುವ ಹಾಗೆ ಜೋಡಿಸಿ, ಕಳೆದ ಆರು ತಿಂಗಳದ್ದನ್ನು ಮಾತ್ರ ಓದಿ. ಅದರಲ್ಲೂ ಎರಡು, ಮೂರು ನಕ್ಷತ್ರ ಕೊಟ್ಟವರ ಮಾತು ಬಹಳ ಉಪಯೋಗ. ಐದು ಕೊಟ್ಟವರು ‘ಸೂಪರ್’ ಅಂತ ಬರೆದು ಹೋಗಿರುತ್ತಾರೆ, ಒಂದು ಕೊಟ್ಟವರು ಸಿಟ್ಟಿನಲ್ಲಿರುತ್ತಾರೆ. ನಡುವಿನವರು ಬಿಸಿನೀರು ಬರಲಿಲ್ಲ, ಕರೆಂಟ್ ಹೋದಾಗ ಫ್ಯಾನ್ ನಿಂತಿತು ಅಂತ ವಿವರ ಹೇಳುತ್ತಾರೆ. ಒಂದೇ ದೂರು ಮೂವರು ಬೇರೆ ಬೇರೆ ತಿಂಗಳಲ್ಲಿ ಹೇಳಿದ್ದರೆ ಅದನ್ನು ನಂಬಿ.

ಇವು ಕಂಡರೆ ದೂರ ಇರಿ: ಬಚ್ಚಲಿನ ಫೋಟೊ ಒಂದೂ ಇಲ್ಲ. ರೂಮಿನ ಫೋಟೊ ಬದಲು ಕಲ್ಲಿನ ರಥದ ಫೋಟೊ ಹಾಕಿದ್ದಾರೆ. ವಿಳಾಸದಲ್ಲಿ ಬರೀ ‘ಹಂಪಿ’ ಅಂತ ಇದೆ, ಓಣಿ ಊರು ಏನೂ ಇಲ್ಲ. ಒಂದೇ ಲಾಡ್ಜ್‌ಗೆ ಎರಡು ಆ್ಯಪ್‌ನಲ್ಲಿ ಎರಡು ಹೆಸರು.

ಕೊನೆಗೆ ಮೂರೇ ಮೂರು ರೂಮ್ ಪಟ್ಟಿಯಲ್ಲಿ ಉಳಿಯಲಿ.

ಹಂತ 5: ಫೋನ್ ಮಾಡಿ

ಮೆಸೇಜ್ ಸಾಲದು. ಫೋನ್‌ನಲ್ಲಿ ಮಾತಾಡುವ ಧಾಟಿಯಲ್ಲೇ ಬಹಳಷ್ಟು ಗೊತ್ತಾಗುತ್ತದೆ. ಜನತಾ ಪ್ಲಾಟ್‌ನ ಗೆಸ್ಟ್ ಹೌಸ್‌ಗಳಲ್ಲಿ ಎಷ್ಟೋ ಸಲ ಮನೆಯ ಹೆಂಗಸರೇ ಫೋನ್ ಎತ್ತುತ್ತಾರೆ. ಗೌರವದಿಂದ, ನೇರವಾಗಿ ಕೇಳಿ:

‘ಅಕ್ಕಾ, ನಿಮ್ಮ ರೂಮು ಹಂಪಿ ಕಡೆ ಇದೆಯೋ ಆನೆಗೊಂದಿ ಕಡೆಯೋ? ಹೊಸಪೇಟೆಯಿಂದ ಬರುವ ಬಸ್ಸಿಳಿದು ನಡೆದು ಬರಬಹುದಾ?’

‘ನಾವು ಬೆಳಗ್ಗೆ ರೈಲಿಗೆ ಬರ್ತೀವಿ. ರೂಮ್ ಎಷ್ಟು ಗಂಟೆಗೆ ಕೊಡ್ತೀರಿ? ಅದಕ್ಕೂ ಮೊದಲು ಬ್ಯಾಗ್ ಇಟ್ಟು ಸ್ನಾನ ಮಾಡಕ್ಕೆ ಆಗುತ್ತಾ?’

‘ಬಿಸಿನೀರು ಎಷ್ಟು ಹೊತ್ತು ಇರುತ್ತೆ? ಸೋಲಾರೋ ಗೀಸರೋ?’

‘ಕರೆಂಟ್ ಹೋದರೆ ರೂಮಿನ ಫ್ಯಾನ್‌ಗೆ ಇನ್ವರ್ಟರ್ ಇದೆಯಾ, ಬರೀ ಲೈಟಿಗಾ?’

‘ಕಿಟಕಿಗೆ ಜಾಲರಿ ಇದೆಯಾ?’ ಈ ಕೊನೆಯ ಪ್ರಶ್ನೆ ಸೊಳ್ಳೆಗಷ್ಟೇ ಅಲ್ಲ. ಹಂಪಿಯ ಕೋತಿಗಳು ತೆರೆದ ಕಿಟಕಿಯಿಂದ ಒಳಗೆ ಬಂದು ಬ್ಯಾಗು ಹರಿಯುತ್ತವೆ.

ಇನ್ನೊಂದು ಪ್ರಶ್ನೆ ಹೊರದೇಶದಿಂದ ಬರುವ ಕನ್ನಡಿಗರಿಗೆ. ನಿಮ್ಮ ಮಕ್ಕಳೋ ಸ್ನೇಹಿತರೋ ವಿದೇಶಿ ಪಾಸ್‌ಪೋರ್ಟ್ ಹೊಂದಿದ್ದರೆ ಲಾಡ್ಜ್‌ನವರು 24 ಗಂಟೆಯೊಳಗೆ ಅವರ ವಿವರದ ಫಾರ್ಮ್ (ಮೊದಲು ಇದನ್ನು ‘ಫಾರ್ಮ್ ಸಿ’ ಅನ್ನುತ್ತಿದ್ದರು) ಆನ್‌ಲೈನ್‌ನಲ್ಲಿ ತುಂಬಬೇಕಾಗುತ್ತದೆ. ಚಿಕ್ಕ ಲಾಡ್ಜ್‌ಗಳು ಇದರ ಗೋಜು ಬೇಡ ಅಂತ ಬಾಗಿಲಲ್ಲೇ ರೂಮ್ ಇಲ್ಲ ಅನ್ನುವುದುಂಟು. ಮೊದಲೇ ಕೇಳಿಕೊಳ್ಳಿ.

ಮಾತು ಮುಗಿಸುವ ಮುಂಚೆ ಬಾಡಿಗೆ ಕೇಳಿ. ಆ್ಯಪ್‌ಗಳು ಕಮಿಷನ್ ಹಿಡಿಯುವುದರಿಂದ ನೇರ ಮಾತಾಡಿದರೆ ಸ್ವಲ್ಪ ಕಡಿಮೆ ಆಗಬಹುದು. ಒಪ್ಪಿದ ಮೊತ್ತ, ದಿನಾಂಕ, ಬರುವ ಹೊತ್ತು ಎಲ್ಲವನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ ‘ಓಕೆ’ ಅನ್ನಿಸಿಕೊಳ್ಳಿ. ಬಾಯಿಮಾತು ಹಬ್ಬದ ಸೀಸನ್‌ನಲ್ಲಿ ನಿಲ್ಲಲ್ಲ.

ಹಂತ 6: ರೂಮಿನ ಬೆಲೆ ಬಿಟ್ಟು ಪೂರ್ತಿ ಖರ್ಚು ಕೂಡಿಸಿ

ಲೆಕ್ಕಕ್ಕೆ ಅಂತ ಕೆಲವು ಅಂಕಿ ಹಿಡಿದುಕೊಳ್ಳೋಣ, ಇವು ಈಗಿನ ದರ ಅಲ್ಲ. ಹೊಸಪೇಟೆಯ ರೂಮ್ ದಿನಕ್ಕೆ 1,300 ರೂಪಾಯಿ, ಹಂಪಿಯದ್ದು 1,700. ಎರಡು ರಾತ್ರಿಗೆ 2,600 ಮತ್ತು 3,400. ದಿನಕ್ಕೆ 7,500ರವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಸೇರಿಸಿದರೆ 2,730 ಮತ್ತು 3,570.

ಈಗ ಓಡಾಟ. ಹೊಸಪೇಟೆಯಲ್ಲಿ ಉಳಿದವರು ಎರಡು ದಿನವೂ ಆಟೊದಲ್ಲಿ ಹಂಪಿಗೆ ಹೋಗಿ ಬಂದರೆ, ದಿನಕ್ಕೆ 600ರಂತೆ 1,200. ಒಟ್ಟು 3,930. ಹಂಪಿಯಲ್ಲಿ ಉಳಿದವರಿಗೆ ಬರುವಾಗ 300, ಹೋಗುವಾಗ 300. ಒಟ್ಟು 4,170. ರೂಮಿನ ಬೆಲೆಯಲ್ಲಿ 800 ಇದ್ದ ಅಂತರ 240ಕ್ಕೆ ಇಳಿಯಿತು. ಮಧ್ಯಾಹ್ನ ರೂಮಿಗೆ ಬಂದು ಮಲಗುವ ಅನುಕೂಲಕ್ಕೆ 240 ಕೊಡಬಹುದು ಅಲ್ವಾ? ಆದರೆ ಬಸ್ಸಿನಲ್ಲಿ ಓಡಾಡುವವರಿಗೆ ಈ ಲೆಕ್ಕ ತಿರುಗುತ್ತದೆ, ಅವರಿಗೆ ಹೊಸಪೇಟೆಯೇ ಅಗ್ಗ. ನಿಮ್ಮ ಮೂರು ರೂಮಿಗೂ ಫೋನಿನಲ್ಲಿ ಕೇಳಿದ ನಿಜವಾದ ದರ ಹಾಕಿ ಹೀಗೆ ಕೂಡಿಸಿ.

ನೇರವಾಗಿ ಬುಕ್ ಮಾಡಿದ ಲಾಡ್ಜ್ ತೆರಿಗೆ ಸೇರಿಸಿದರೆ ಬಿಲ್‌ನಲ್ಲಿ ಜಿಎಸ್‌ಟಿ ನಂಬರ್ ಇರಬೇಕು. ನೋಂದಣಿ ಇಲ್ಲದವರು ಜಿಎಸ್‌ಟಿ ಅಂತ ದುಡ್ಡು ತೆಗೆದುಕೊಳ್ಳುವಂತಿಲ್ಲ.

ಹಂತ 7: ದುಡ್ಡು ಕಟ್ಟುವಾಗ

ಪೂರ್ತಿ ಮುಂಗಡ ಕೊಡಬೇಡಿ. ಸೀಸನ್ ಇಲ್ಲದ ದಿನಗಳಲ್ಲಿ ‘ಬಂದು ಕೊಡುವ’ ಆಯ್ಕೆ ಇರುವ ರೂಮ್ ಹಿಡಿಯಿರಿ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಮತ್ತು ಜಿಲ್ಲಾಡಳಿತ ಅನುಮತಿ ಇಲ್ಲದ ಹೋಮ್‌ಸ್ಟೇಗಳನ್ನು ಮುಚ್ಚಿಸಿದಾಗ ಮುಂಗಡ ಕೊಟ್ಟವರ ದುಡ್ಡು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಬುಕಿಂಗ್‌ಗೆ ನೂರಿನ್ನೂರು ಜಾಸ್ತಿಯಾದರೂ ಪರವಾಗಿಲ್ಲ.

ಮೋಸದ ಜಾಲತಾಣಗಳ ಬಗ್ಗೆ ಹುಷಾರು. ಹೆಸರಾಂತ ಹೋಟೆಲ್‌ಗಳ, ಸರ್ಕಾರಿ ಹೋಟೆಲ್‌ಗಳ ಹೆಸರಲ್ಲೇ ನಕಲಿ ಪುಟ ಮಾಡಿ ಫೋನ್ ನಂಬರ್ ಹಾಕುತ್ತಾರೆ. ‘ಈಗಲೇ ಕಟ್ಟಿ, ಕೊನೆಯ ರೂಮ್’ ಅಂತ ಅವಸರ ಮಾಡುವುದು, ಹೋಟೆಲ್ ಹೆಸರಿನ ಬದಲು ಬೇರೆ ಯಾರದೋ ಹೆಸರಿನ ಯುಪಿಐ ಕೊಡುವುದು, ‘ರಿಫಂಡ್‌ಗೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಅನ್ನುವುದು, ಮೂರೂ ಮೋಸದ ಗುರುತು. ದುಡ್ಡು ಪಡೆಯಲು ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಹಾಕಬೇಕಾಗಿಲ್ಲ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಹಂತ 8: ರೂಮ್ ನೋಡಿ, ಆಮೇಲೆ ಬೀಗದ ಕೈ ತೆಗೆದುಕೊಳ್ಳಿ

ನಿಲ್ದಾಣದಲ್ಲಿ ಆಟೊದವರು ‘ಆ ಲಾಡ್ಜ್ ಮುಚ್ಚಿದೆ, ನಾನು ಬೇರೆ ಕಡೆ ಕರೆದೊಯ್ಯುತ್ತೇನೆ’ ಅಂದರೆ ಅವರ ಎದುರೇ ಲಾಡ್ಜ್‌ಗೆ ಫೋನ್ ಹಚ್ಚಿ. ಎಲ್ಲರೂ ಹಾಗಿರಲ್ಲ, ಒಳ್ಳೆಯ ಆಟೊದವರೇ ಜಾಸ್ತಿ. ಆದರೂ ಒಂದು ಫೋನ್ ಮಾಡುವುದರಲ್ಲಿ ಏನೂ ಹೋಗಲ್ಲ.

ರಿಜಿಸ್ಟರ್‌ನಲ್ಲಿ ಸಹಿ ಹಾಕುವ ಮೊದಲು ರೂಮಿನ ಒಳಗೆ ಹೋಗಿ. ಐದು ನಿಮಿಷ ಸಾಕು. ಹಾಸಿಗೆಯ ಮೂಲೆ ಎತ್ತಿ ಹೊಲಿಗೆ ಹತ್ತಿರ ಟಾರ್ಚ್ ಬಿಡಿ. ಸಣ್ಣ ಕಪ್ಪು ಚುಕ್ಕೆಗಳಿದ್ದರೆ ತಿಗಣೆ ಇದೆ, ಬೇರೆ ರೂಮ್ ಕೇಳಿ. ನಲ್ಲಿ ತಿರುಗಿಸಿ, ಫ್ಲಶ್ ಒತ್ತಿ, ಒಂದೆರಡು ನಿಮಿಷ ಗೀಸರ್ ಹಾಕಿ ನೋಡಿ. ಒಳಗಿನ ಚಿಲಕ ಗಟ್ಟಿಯಾಗಿ ಬೀಳುತ್ತದಾ ಪರೀಕ್ಷೆ ಮಾಡಿ. ಗೋಡೆ ತೇವ ಇದ್ದರೆ, ಮುಗ್ಗಲು ವಾಸನೆ ಬಂದರೆ ಮಕ್ಕಳಿಗೆ, ಉಬ್ಬಸ ಇರುವವರಿಗೆ ಅದು ಬೇಡ. ಬಚ್ಚಲಲ್ಲಿ, ಕನ್ನಡಿ ಎದುರು ಬೇಡದ ತೂತು, ಸಾಧನ ಏನಾದರೂ ಇದೆಯಾ ಅಂತಲೂ ಕಣ್ಣಾಡಿಸಿ.

ಮೊದಲೇ ಇರುವ ಒಡಕು, ಕಲೆಗಳ ಫೋಟೊ ತೆಗೆದುಕೊಳ್ಳಿ. ಹೊರಡುವಾಗ ನಿಮ್ಮ ತಲೆಗೆ ಕಟ್ಟುವ ಹಾಗಿರಬಾರದು.

ಹೇಳಿದ ರೂಮ್ ಕೊಡದಿದ್ದರೆ ಮೊದಲು ಸಮಾಧಾನದಿಂದ ಬದಲಿಸಲು ಕೇಳಿ. ಆಗದಿದ್ದರೆ ಚೆಕ್-ಇನ್ ಮಾಡದೆ, ಅಲ್ಲೇ ನಿಂತು ಆ್ಯಪ್‌ನ ಸಹಾಯವಾಣಿಗೆ ಫೋಟೊ ಕಳಿಸಿ. ಒಂದು ರಾತ್ರಿ ಮಲಗಿ ಎದ್ದ ಮೇಲೆ ಮಾಡಿದ ದೂರಿಗೆ ಬಲ ಇರಲ್ಲ. ಅಲ್ಲೂ ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೇ ಮಾತಾಡಬಹುದು. ಭಯ ಆಗುವಂಥ ಪರಿಸ್ಥಿತಿ ಬಂದರೆ 112ಕ್ಕೆ ಹಚ್ಚಿ, ನೀವಿರುವುದು ಹಂಪಿ ದಡವೋ ಆನೆಗೊಂದಿ ದಡವೋ ಅನ್ನುವುದನ್ನು ಮೊದಲ ಮಾತಲ್ಲೇ ಹೇಳಿ. ಪೊಲೀಸರು ಯಾವ ಜಿಲ್ಲೆಯಿಂದ ಹೊರಡಬೇಕು ಅನ್ನುವುದು ಅದರ ಮೇಲೆ ನಿಂತಿದೆ.